ಮೊದಲು ಕಥೆ, ಆಮೇಲೆ ಅಲಂಕಾರ

2006ರ ಕಾಯಿದೆಯಂತೆ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಯಿತಷ್ಟೆ. ಹೀಗಾಗಿ ನಮ್ಮ ಚೆನ್ನೈ ಮಕ್ಕಳಿಗೆ ಕನ್ನಡ ಕಾವ್ಯದ ಪರಿಚಯ ಬಹುಮಟ್ಟಿಗೆ ಮನೆಯಲ್ಲೇ ಆಗಬೇಕು. ಇದು ಹೊರೆಯಲ್ಲ, ಪರೀಕ್ಷೆಯ ಭಯವಿಲ್ಲದೆ ಓದಿಸುವ ಅವಕಾಶ.

ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನೇ ತೆಗೆದುಕೊಳ್ಳಿ. ‘ಇದು ಉಪಮೆಯೋ, ರೂಪಕವೋ?’ ಎಂದು ಮೊದಲೇ ಕೇಳಿದರೆ ಮಗು ಪುಸ್ತಕ ಮುಚ್ಚೀತು. ಕಥೆ ಹೇಳಿ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಚಂದ್ರಮತಿ ಸುಡುಗಾಡಿಗೆ ತರುತ್ತಾಳೆ. ಅಲ್ಲಿ ಕಾವಲಿರುವ ಗಂಡನೇ, ಒಡೆಯ ವೀರಬಾಹುವಿಗೆ ಸಲ್ಲಬೇಕಾದ ತೆರಿಗೆ ಕೇಳುತ್ತಾನೆ. ಅಲ್ಲಿ ನಿಲ್ಲಿಸಿ, ‘ನೀನಾಗಿದ್ದರೆ ಬಿಟ್ಟುಬಿಡುತ್ತಿದ್ದೆಯಾ?’ ಎನ್ನಿ.

ಮಗು ವಾದಕ್ಕೆ ನಿಂತಿತೆ? ಪಾತ್ರವೂ ಕಥೆಯ ಹೆಣಿಗೆಯೂ ಅದಕ್ಕೆ ದಕ್ಕಿದವೆಂದೇ ತಿಳಿಯಿರಿ. ಅಲಂಕಾರದ ಹೆಸರು ಆಮೇಲೆ ಕಲಿತರೂ ನಡೆದೀತು.