ಸಾಲು ತಪ್ಪಿದ ಹುಡುಗ



ಕಳೆದ ತಿಂಗಳು ಒಂದು ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾವು ವಾಡಿಕೆಯಂತೆ ತಿರುಗಾಡುತ್ತಿದ್ದಾಗ ನಮ್ಮ ಬೀದಿಯ ಗೃಹಸ್ಥರೊಬ್ಬರು ಜೊತೆಯಾದರು. ಅವರ ಮುಖ ಬಾಡಿದ್ದಿತು. ಕಾರಣವನ್ನು ವಿಚಾರಿಸಲಾಗಿ, “ಏನು ಹೇಳಲಿ, ಮೇಷ್ಟ್ರೇ! ಹುಡುಗ ಕೈತಪ್ಪಿ ಹೋಗುತ್ತಿದ್ದಾನೆ” ಎಂದರು. ದುರಭ್ಯಾಸವೇನಾದರೂ ಉಂಟೋ ಎಂದರೆ ಅದಾವುದೂ ಇಲ್ಲ. ಹದಿನೇಳು ವಯಸ್ಸು. ಓರಗೆಯವರೆಲ್ಲರೂ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಹಗಲಿರುಳು ಸಿದ್ಧರಾಗುತ್ತಿರುವಾಗ ಇವನು ಹಳೆಯ ಶಾಸನಗಳ ಸಂಪುಟವನ್ನು ಹರಡಿಕೊಂಡು ಕುಳಿತಿರುತ್ತಾನಂತೆ. ಗದರಿಸಿದರೆ, “ಎಲ್ಲರೂ ಹೋಗುತ್ತಾರೆಂಬುದು ನಾನು ಹೋಗುವುದಕ್ಕೆ ಕಾರಣವೆ?” ಎಂದು ತಂದೆಯನ್ನೇ ಕೇಳುತ್ತಾನಂತೆ.

ಲೋಕವು ಗತಾನುಗತಿಕವಾದುದೆಂದು ಬಲ್ಲವರು ಹೇಳುವುದುಂಟು. ಇದನ್ನು ಬರಿಯ ನಿಂದೆಯೆಂದು ತಿಳಿಯಬಾರದು. ಹಿಂದೆ ಅನೇಕರು ಕ್ಷೇಮವಾಗಿ ನಡೆದುದರಿಂದಲೇ ದಾರಿಯು ದಾರಿಯಾಗಿರುತ್ತದೆ. ಮಗನು ಅದರಲ್ಲಿಯೇ ನಡೆಯಲೆಂದು ತಂದೆತಾಯಿಗಳು ಬಯಸುವುದು ಪ್ರೀತಿಯಿಂದಲೇ ಹೊರತು ಮೌಢ್ಯದಿಂದಲ್ಲ. ಆದರೆ ಕೆಲವರ ಬುದ್ಧಿಯು ಬೆಳೆಯುವ ಕ್ರಮವೇ ಬೇರೆ. ಅಂಥವರನ್ನು ಸಾಲಿನಲ್ಲಿ ನಿಲ್ಲಿಸಿ ಅಳೆಯಹೊರಟರೆ ಅಳತೆಗೋಲು ಸುಳ್ಳು ಹೇಳುತ್ತದೆ.

ಆ ಗೃಹಸ್ಥರಿಗೆ ನಾವು ನಡೆಯುತ್ತಿದ್ದ ಏರಿಯನ್ನೇ ತೋರಿಸಿ ಒಂದು ಸಂಗತಿಯನ್ನು ಹೇಳಿದೆವು. ಸುಮಾರು ನೂರು ವರ್ಷಗಳ ಹಿಂದೆ, ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಹುಡುಗನೊಬ್ಬನು ಪುಸ್ತಕವನ್ನು ಹಿಡಿದುಕೊಂಡು ಈ ಕೆರೆಯ ದಂಡೆಗೆ ಬಂದು ಕೂಡುತ್ತಿದ್ದನು. ತಂದೆ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಮಗನು ತಪ್ಪಿದ್ದು ಇಂಗ್ಲಿಷಿನಲ್ಲಿ! ಮನೆಯಲ್ಲಿ ಒಂದು ವರ್ಷ ಬಿಡುವು ಸಿಕ್ಕಿತು. ಆ ವರ್ಷವೆಲ್ಲ ಅವನು ಓದಿದನು, ಬರೆದನು. ಈ ಹುಡುಗನೇ 1906ರಲ್ಲಿ ಜನಿಸಿದ ಆರ್. ಕೆ. ನಾರಾಯಣ್. ಮುಂದೆ ಅವರು ಉಪಾಧ್ಯಾಯ ವೃತ್ತಿಗೆ ಹೋಗಿ ಕೆಲವೇ ದಿನಗಳಲ್ಲಿ ಬಿಟ್ಟುಬಂದರು, ಬರವಣಿಗೆಯಿಂದಲೇ ಜೀವಿಸುವೆನೆಂದರು. ಆಗಿನ ಮೈಸೂರಿನಲ್ಲಿ ಇದನ್ನು ಕೇಳಿದವರು ಏನೆಂದುಕೊಂಡಿರಬಹುದೆಂಬುದನ್ನು ವಾಚಕರೇ ಊಹಿಸಬಹುದು. ಇಂಗ್ಲೆಂಡಿನ ಪ್ರಕಾಶಕರು ಹಸ್ತಪ್ರತಿಯನ್ನು ಒಬ್ಬರಾದ ಮೇಲೊಬ್ಬರು ಹಿಂದಿರುಗಿಸಿದರು. ಕಡೆಗೆ ಅಲ್ಲಿದ್ದ ಸ್ನೇಹಿತರೊಬ್ಬರ ಮೂಲಕ ಅದು ಗ್ರಹಾಂ ಗ್ರೀನರ ಕೈ ಸೇರಿ, 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾಯಿತು. ಇಂಗ್ಲಿಷಿನಲ್ಲಿ ತಪ್ಪಿದವರು ಇಂಗ್ಲಿಷಿನಲ್ಲಿಯೇ ಲೋಕಪ್ರಸಿದ್ಧರಾದರು.

ಇನ್ನೊಬ್ಬ ಹುಡುಗನು ಮಲೆನಾಡಿನ ಕುಪ್ಪಳಿಯಿಂದ ಇದೇ ಊರಿಗೆ ಓದಲು ಬಂದನು. ವೆಸ್ಲಿಯನ್ ಮಿಷನ್ ಹೈಸ್ಕೂಲಿನ ವಿದ್ಯಾರ್ಥಿ. ಬರೆಯುತ್ತಿದ್ದುದೆಲ್ಲ ಇಂಗ್ಲಿಷ್ ಪದ್ಯ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಕಿರುಹೊತ್ತಗೆಯೂ ಅಚ್ಚಾಯಿತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸರು ಮೈಸೂರಿಗೆ ಬಂದಾಗ ಹುಡುಗನು ಮೆಚ್ಚುಗೆಯನ್ನು ನಿರೀಕ್ಷಿಸಿ ತನ್ನ ಪದ್ಯಗಳನ್ನು ತೋರಿಸಿದನು. ಅವರು, ನಿನ್ನ ಭಾಷೆಯಲ್ಲಿ ಏನಾದರೂ ಬರೆದಿರುವೆಯಾ ಎಂದು ಕೇಳಿದರು. ಹುಡುಗನಿಗೆ ಮೊದಲು ಅಸಮಾಧಾನವೇ ಆಯಿತು. ಆದರೆ ಮಾತು ನಾಟಿತು. ಕುವೆಂಪು ಕನ್ನಡಕ್ಕೆ ದೊರೆತದ್ದು ಹೀಗೆ. ಅನಂತರ ಸ್ವಾಮಿ ಸಿದ್ಧೇಶ್ವರಾನಂದರ ಆಶ್ರಯದಲ್ಲಿ ಅವರು ಇಲ್ಲಿನ ಶ್ರೀ ರಾಮಕೃಷ್ಣಾಶ್ರಮದಲ್ಲಿ ಅನೇಕ ವರ್ಷ ವಾಸವಾಗಿದ್ದರು.

ಈ ಇಬ್ಬರ ಬೆಳವಣಿಗೆಯಲ್ಲಿಯೂ ಮೂರು ಅಂಶಗಳು ಕಾಣುತ್ತವೆ. ಒಂದು, ಲೋಕವು ವ್ಯರ್ಥವೆಂದೆಣಿಸುವ ಬಿಡುವಿನ ಕಾಲ. ಎರಡು, ಹೊಗಳದೆ, ಹಳಿಯದೆ, ನಿಜವನ್ನು ಹೇಳುವ ಅಥವಾ ತೆಪ್ಪಗೆ ಇಂಬು ಕೊಡುವ ಒಬ್ಬ ಹಿರಿಯ. ಮೂರು, ತಾನೇ ತನಗೆ ವಿಧಿಸಿಕೊಂಡ ಕಠಿನ ನಿಯಮ. ಈ ಮೂರನೆಯದನ್ನು ನಮ್ಮ ಹುಡುಗರು ಮರೆಯುತ್ತಾರೆ. ಸಾಲನ್ನು ಬಿಟ್ಟವನಿಗೆ ದುಡಿಮೆ ಕಡಿಮೆಯೆಂದು ಯಾರೂ ಭ್ರಮಿಸಬಾರದು. ಇದಲ್ಲದೆ, ನಾರಾಯಣರು ಪರೀಕ್ಷೆಗೆ ಮತ್ತೆ ಕುಳಿತು ತೇರ್ಗಡೆಯಾಗಿ, 1930ರಲ್ಲಿ ಬಿ.ಎ. ಮುಗಿಸಿದರು, ಕುವೆಂಪು 1929ರಲ್ಲಿ ಎಂ.ಎ. ಮುಗಿಸಿ, ಮುಂದೆ ಇದೇ ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. ಬೇರೆಯಾಗಿ ಯೋಚಿಸಿದವರು ಲೋಕದ ದಾರಿಯನ್ನು ತುಳಿಯಲೇ ಇಲ್ಲವೆಂದಲ್ಲ. ತುಳಿಯುವಾಗಲೂ ತಮ್ಮ ಪ್ರಶ್ನೆಯನ್ನು ಕೈಬಿಡಲಿಲ್ಲ.

ಪ್ರಶ್ನೆಯ ಮಾತು ಬಂದುದರಿಂದ ನಮ್ಮ ಒಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ನಾವು ಉಪಾಧ್ಯಾಯರಾಗಿದ್ದ ಮೊದಲ ವರ್ಷಗಳಲ್ಲಿ ಒಂದು ದಿನ ತರಗತಿಯಲ್ಲಿ ಭವಭೂತಿಯ ಉತ್ತರರಾಮಚರಿತದ ಕಥೆಯನ್ನು ಹೇಳುತ್ತಿದ್ದೆವು. ಬ್ರಾಹ್ಮಣನ ಮಗುವು ಅಕಾಲದಲ್ಲಿ ಸತ್ತಿತು. ಶೂದ್ರನು ತಪಸ್ಸು ಮಾಡಿದುದೇ ಕಾರಣವೆಂದಾಯಿತು. ರಾಮನು ಶಂಬೂಕನನ್ನು ಕೊಂದನು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು ಎದ್ದು, “ತಪಸ್ಸು ಮಾಡಿದರೆ ಇನ್ನೊಬ್ಬರ ಮಗು ಏಕೆ ಸಾಯಬೇಕು, ಸಾರ್?” ಎಂದನು. ನಮಗೆ ಉತ್ತರ ತಿಳಿಯದು. ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. “ಮೊದಲು ರಾಮ ಶಬ್ದವನ್ನು ತಪ್ಪಿಲ್ಲದೆ ಹೇಳು, ರಾಮನನ್ನು ವಿಚಾರಿಸುವುದು ಆಮೇಲೆ” ಎಂದೆವು. ತರಗತಿಯೆಲ್ಲ ನಕ್ಕಿತು. ಹುಡುಗನು ಕುಳಿತನು. ಆ ವರ್ಷವೆಲ್ಲ ಅವನು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ. ಪರೀಕ್ಷೆಯಲ್ಲಿ ನಾವು ಬರೆಸಿದ ಉತ್ತರವನ್ನೇ ಅಕ್ಷರ ಬಿಡದೆ ಬರೆದು ತೊಂಬತ್ತು ಅಂಕ ಪಡೆದನು. ನಾವು ಹಿಗ್ಗಿದೆವು.

ಕೆಲವು ವರ್ಷಗಳ ತರುವಾಯ, ಕುವೆಂಪು ಅವರು 1944ರಲ್ಲಿ ಪ್ರಕಟಿಸಿದ ‘ಶೂದ್ರ ತಪಸ್ವಿ’ ಎಂಬ ನಾಟಕವನ್ನು ಮೊದಲ ಬಾರಿಗೆ ಓದಿದೆವು. ಅದರಲ್ಲಿ ರಾಮನ ಅಸ್ತ್ರವು ತಪಸ್ವಿಯಲ್ಲಿ ದೋಷವನ್ನು ಕಾಣದೆ ದೂರು ತಂದವನತ್ತಲೇ ತಿರುಗುತ್ತದೆ. ಓದುತ್ತಿರುವಾಗ ನಮ್ಮ ಕೈ ನಡುಗಿತು. ಹಿಂದಿನ ಬೆಂಚಿನ ಹುಡುಗನು ಕೇಳಿದ ಪ್ರಶ್ನೆಯೇ ಅಲ್ಲಿ ನಾಟಕವಾಗಿ ನಿಂತಿದ್ದಿತು. ಆ ಕೃತಿಯ ವಿಷಯದಲ್ಲಿ ಮಾಸ್ತಿಯಂತಹ ಹಿರಿಯರೇ ಆಕ್ಷೇಪವೆತ್ತಿದ್ದರು. ಕುವೆಂಪು ಉತ್ತರ ಕೊಟ್ಟರು. ಇಬ್ಬರೂ ದೊಡ್ಡವರು, ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಎದುರಿಸಿದರು. ನಾವು ನಗೆಯಿಂದ ಕೊಂದೆವು.

ಹೀಗೆ ಮಾಡಿದವರಲ್ಲಿ ನಾವೇ ಮೊದಲಿಗರಲ್ಲ. ಮುದಿ ಹಸುಗಳನ್ನು ದಾನ ಮಾಡುತ್ತಿದ್ದ ತಂದೆಯನ್ನು ನಚಿಕೇತನು, ನನ್ನನ್ನು ಯಾರಿಗೆ ಕೊಡುವೆಯೆಂದು ಮೂರು ಬಾರಿ ಕೇಳಿದನಷ್ಟೆ. ತಂದೆಯು ಸಿಟ್ಟಾಗಿ ಮೃತ್ಯುವಿಗೆ ಕೊಟ್ಟೆನೆಂದನು. ಕಠೋಪನಿಷತ್ತನ್ನು ಎಷ್ಟೋ ಸಲ ಪಾಠ ಹೇಳಿದ ನಮಗೆ, ಆ ತಂದೆಯ ಸ್ಥಾನದಲ್ಲಿ ನಾವೇ ನಿಂತಿರುವೆವೆಂಬುದು ಹೊಳೆಯಲು ಬಹುಕಾಲ ಬೇಕಾಯಿತು.

ನಮ್ಮ ಮಾತನ್ನೆಲ್ಲ ಕೇಳಿದ ಗೃಹಸ್ಥರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲ ಸರಿ, ಮೇಷ್ಟ್ರೇ. ನಮ್ಮ ಹುಡುಗ ಕುವೆಂಪು ಆಗದೆ ಹೋದರೆ?” ಎಂದರು. ನ್ಯಾಯವಾದ ಮಾತು. ಸಾಲು ತಪ್ಪಿದವರೆಲ್ಲರೂ ಮಹಾಪುರುಷರಾಗುವುದಿಲ್ಲ, ಬಹುಮಂದಿ ಆಗುವುದಿಲ್ಲ. ಅಂತಹ ಭರವಸೆಯನ್ನು ಯಾವ ತಂದೆಗೂ ನಾವು ಕೊಡಲಾರೆವು. ಆದುದರಿಂದ ಇಷ್ಟನ್ನು ಮಾತ್ರ ಹೇಳಿದೆವು: ಹುಡುಗನು ಯಾರೂ ನೋಡದಿರುವಾಗಲೂ ಆ ಶಾಸನಗಳನ್ನು ಶ್ರಮಪಟ್ಟು ಓದುವನೇ, ಗಮನಿಸಿರಿ. ಓದದಿದ್ದರೆ ಅದು ಬರಿಯ ನೆಪ, ಗದರಿಸಬಹುದು. ಓದಿದರೆ, ಪರೀಕ್ಷೆಗೂ ಕುಳಿತುಕೊಳ್ಳಲಿ, ಪುಸ್ತಕವನ್ನೂ ಕಿತ್ತುಕೊಳ್ಳಬೇಡಿ. ವಾರಕ್ಕೊಮ್ಮೆ ಅವನ ಪಕ್ಕದಲ್ಲಿ ಕುಳಿತು, ಏನು ಓದಿದೆಯಪ್ಪ ಎಂದು ಕೇಳಿರಿ.

ಮೊನ್ನೆ ಅವರು ಮತ್ತೆ ಏರಿಯ ಮೇಲೆ ಸಿಕ್ಕಿದರು. ಹಳಗನ್ನಡದ ಒಂದು ಪದಕ್ಕೆ ಅರ್ಥ ಬೇಕಂತೆ, ಮಗನಿಗೂ ತಿಳಿಯಲಿಲ್ಲವಂತೆ. ನಮಗೂ ತಿಳಿಯದು. ಈ ಸಲ ತಿಳಿಯದೆಂದೇ ಹೇಳಿ, ಹುಡುಗನನ್ನು ಭಾನುವಾರ ಮನೆಗೆ ಕಳುಹಿಸಿರಿ, ಇಬ್ಬರೂ ಕೂಡಿ ನಿಘಂಟಿನಲ್ಲಿ ಹುಡುಕುವೆವು ಎಂದೆವು.