ಕೋವಿಗೆ ಶೃಂಗಾರ, ಗುರಿಗೆ ಬರ

ಮೆಣಸಿಗೆ ರೇಟು ಬಂದ ವರ್ಷ ಮಲೆನಾಡಿನಲ್ಲಿ ಏನೇನು ಹೊಸದಾಗುತ್ತದೆ ಅಂತ ಕೊಟ್ಟಿಗೆಹಾರದ ಅಂಗಡಿಯವರನ್ನು ಕೇಳಿ ನೋಡಿ. ಜೀಪಿಗೆ ಹೊಸ ಟೈರು, ಮನೆ ಮುಂದೆ ಹೊಸ ಶೀಟು, ಮಗಳಿಗೆ ಹೊಸ ಸರ. ಈಗ ಆ ಪಟ್ಟಿಗೆ ಇನ್ನೊಂದು ಸೇರಿದೆ. ಅಜ್ಜನ ಕಾಲದ ಪಾಯಿಂಟ್ ಟೂಟೂ ರೈಫಲ್ಲಿಗೆ ಹೊಸ ವೇಷ!

ಕಳಸದಿಂದ ಹೊರನಾಡಿಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗರ ಮಾತಿಗೆ ಕಿವಿ ಕೊಟ್ಟರೆ ಸಾಕು. ಟ್ರಿಗರ್ ಬದಲಾಯಿಸಿದರೆ ಗುಂಡೆಲ್ಲ ಒಂದೇ ತೂತಿಗೆ ಬೀಳುತ್ತಂತೆ, ನಳಿಗೆ ಬದಲಾಯಿಸಿದರೆ ಕೇಳುವುದೇ ಬೇಡವಂತೆ, ಮೊಬೈಲಿನಲ್ಲಿ ಅಮೆರಿಕದವನೊಬ್ಬ ತೋರಿಸಿದನಂತೆ. ಹೆಬ್ಬಾಳೆ ಸೇತುವೆ ದಾಟುವುದರೊಳಗೆ ಅರ್ಧ ಕೋವಿ ಬದಲಾಗಿರುತ್ತದೆ.

ಗುರಿಯ ಹುಚ್ಚು ಕೆಟ್ಟದ್ದೇನಲ್ಲ. ೨೦೨೩ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸಿಫ್ಟ್ ಕೌರ್ ಸಾಮ್ರಾ ೪೬೯.೬ ಅಂಕ ಗಳಿಸಿ ವಿಶ್ವದಾಖಲೆಯೊಡನೆ ಚಿನ್ನ ತಂದದ್ದು ಇದೇ ಪಾಯಿಂಟ್ ಟೂಟೂ ರೈಫಲ್ಲಿನಲ್ಲಿ. ೨೦೨೪ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕೂಡ ಇದನ್ನೇ ಹಿಡಿದವನು. ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿ ಸೇರಿದ ಹಳ್ಳಿ ಹುಡುಗ. ಗುರಿ ಇರುವುದು ೫೦ ಮೀಟರ್ ದೂರದಲ್ಲಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹತ್ತಡಿಗೊಂದು ನೆಟ್ಟ ರೊಬಸ್ಟಾ ಸಾಲಿನಲ್ಲಿ ಹದಿನಾರನೇ ಗಿಡ. ಅಲ್ಲಿ ಹತ್ತು ಅಂಕದ ವೃತ್ತದ ಅಗಲ ೧೦.೪ ಮಿಲಿಮೀಟರ್. ಹೆಚ್ಚುಕಡಿಮೆ ಒಂದು ಕಾಫಿ ಬೀಜದ ಉದ್ದ. ಅದನ್ನು ಮತ್ತೆ ಮತ್ತೆ ಹೊಡೆಯಬೇಕು.

ಹಾಗಾದರೆ ಹೊಸ ಸಾಮಾನು ಹಾಕಿಸಿದರೆ ನಮ್ಮ ಹುಡುಗರಿಗೂ ಆದೀತಲ್ಲ? ಇಲ್ಲೇ ಇರುವುದು ತಮಾಷೆ.

ಅಮೆರಿಕದವನು ತೋರಿಸುವುದು ಹೆಚ್ಚಾಗಿ ರುಗರ್ ಕಂಪನಿಯ ೧೦/೨೨ ಅನ್ನುವ ರೈಫಲ್. ೧೯೬೪ರಲ್ಲಿ ಮಾರುಕಟ್ಟೆಗೆ ಬಂದದ್ದು. ಅದಕ್ಕೆ ನಳಿಗೆ, ಟ್ರಿಗರ್, ಮರ ಎಲ್ಲವನ್ನೂ ಬೇರೆ ಬೇರೆ ಕಂಪನಿಯವರು ಮಾಡಿ ಮಾರುತ್ತಾರೆ. ನಾವು ಬುಲೆಟ್ ಬೈಕಿಗೆ ಸೈಲೆನ್ಸರ್ ಹಾಕಿಸಿದ ಹಾಗೆ. ಅಲ್ಲಿನ ಕಾನೂನಿಗೆ ನಂಬರ್ ಹೊಡೆದ ನಡುಭಾಗವೊಂದೇ ಕೋವಿ, ಉಳಿದದ್ದು ಬಿಡಿಸಾಮಾನು. ನಮ್ಮ ದೇಶದ ೧೯೫೯ರ ಆಯುಧ ಕಾಯ್ದೆ ಹಾಗಲ್ಲ ಸ್ವಾಮಿ. ಅದರಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಲೈಸೆನ್ಸಿಲ್ಲದೆ ಹೊರದೇಶದಿಂದ ನಳಿಗೆ ತರಿಸಿದರೆ ಪಾರ್ಸಲ್ಲಿನ ಹಿಂದೆಯೇ ಪೊಲೀಸಿನವರೂ ಬಂದಾರು. ರಿಪೇರಿ ಮಾಡುವವನಿಗೂ ಲೈಸೆನ್ಸ್ ಬೇಕು. ಸದ್ದಡಗಿಸುವ ಸಾಮಾನಂತೂ ನಿಷಿದ್ಧ. ವೀಡಿಯೊ ಮಾಡಿದವನು ಇದನ್ನೆಲ್ಲ ಹೇಳುವುದಿಲ್ಲ. ಅವನಿಗೆ ಮೂಡಿಗೆರೆ ಎಲ್ಲಿದೆ ಅಂತಲೇ ಗೊತ್ತಿಲ್ಲ.

ನಮ್ಮ ತೋಟದ ಮನೆಗಳ ಗೋಡೆ ಮೇಲಿರುವುದು ಬ್ರನೋ, ಬಿಎಸ್ಎ, ಇಲ್ಲವೇ ಇಶಾಪುರದ ಸರ್ಕಾರಿ ಕಾರ್ಖಾನೆಯ ರೈಫಲ್. ೧೯೮೦ರ ದಶಕದ ನಡುವಿನಿಂದೀಚೆಗೆ ಹೊರದೇಶದ ಕೋವಿ ತರಿಸುವ ದಾರಿ ಸಾಮಾನ್ಯ ಜನಕ್ಕೆ ಬಹುಮಟ್ಟಿಗೆ ಮುಚ್ಚಿಹೋಯಿತು. ಹಾಗಾಗಿ ಇರುವುದನ್ನೇ ತಿದ್ದಿಕೊಳ್ಳುವ ಆಸೆ. ಆದರೆ ಆ ಹಳೆ ಕೋವಿ ಗುರಿ ತಪ್ಪುವುದಕ್ಕೆ ಕಾರಣ ಹೆಚ್ಚಿನ ಸಲ ನಳಿಗೆಯಲ್ಲ, ನಮ್ಮ ಮಳೆ.

ಹೌದು, ಮಳೆ. ಜೂನ್ ತಿಂಗಳಿಂದ ಮನೆಯ ಬಾಗಿಲೇ ಉಬ್ಬಿ ಮುಚ್ಚಲಾಗದ ಊರು ನಮ್ಮದು. ಕೋವಿಯ ಮರ ಉಬ್ಬದೇ ಇರುತ್ತದೆಯೇ? ಉಬ್ಬಿದ ಮರ ನಳಿಗೆಯನ್ನು ಒಂದು ಪಕ್ಕದಿಂದ ಒತ್ತುತ್ತದೆ. ಗುಂಡು ಹಾರುವಾಗ ನಳಿಗೆ ತಂತಿಯ ಹಾಗೆ ಕಂಪಿಸುತ್ತದೆ. ಮರ ಒತ್ತಿದರೆ ಆ ಕಂಪನ ಕೆಡುತ್ತದೆ. ಬಿಸಿಲು ಬಂದ ಮೇಲೆ ಮರ ಕುಗ್ಗುತ್ತದೆ, ಸ್ಕ್ರೂ ಸಡಿಲಾಗುತ್ತದೆ. ಗೌರಿಹಬ್ಬಕ್ಕೆ ಎಡಕ್ಕೆ ಬಿದ್ದ ಗುಂಡು ಶಿವರಾತ್ರಿಗೆ ಬಲಕ್ಕೆ ಬೀಳುವುದು ಹೀಗೆ. ಇದಕ್ಕೆ ಮಂತ್ರವಾದಿ ಬೇಡ, ಜರ್ಮನಿಯ ಟ್ರಿಗರೂ ಬೇಡ. ತೋಟೆ ಇಲ್ಲ ಅಂತ ಎರಡು ಸಲ ನೋಡಿಕೊಂಡು, ನಳಿಗೆಗೂ ಮರಕ್ಕೂ ನಡುವೆ ಒಂದು ಕಾಗದದ ಪಟ್ಟಿ ಎಳೆದು ನೋಡಬೇಕು. ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ರೋಗವಿರಬಹುದು. ಅಲ್ಲಿ ಮರ ಕೆತ್ತಿ, ಎಣ್ಣೆ ಕುಡಿಸಿ, ಸ್ಕ್ರೂಗಳನ್ನು ಸಮನಾಗಿ ಬಿಗಿಸುವುದು ಲೈಸೆನ್ಸ್ ಇರುವ ಕೋವಿ ಅಂಗಡಿಯವನ ಕೆಲಸ.

ಚುನಾವಣೆ ವೇಳೆ ಠಾಣೆಗೆ ಹೋಗಿ ಬಂದ ಕೋವಿಯನ್ನೂ ಮತ್ತೆ ಪರೀಕ್ಷಿಸಬೇಕು. ಅಲ್ಲಿ ನೂರು ಕೋವಿ ಜೊತೆ ಒರಗಿಸಿಟ್ಟ ದುರ್ಬೀನು ನೆಟ್ಟಗಿದ್ದರೆ ಅದು ಹೊರನಾಡಮ್ಮನ ದಯೆ.

ಎರಡನೇ ರೋಗ ತೋಟೆಯದು. ಪಾಯಿಂಟ್ ಟೂಟೂ ತೋಟೆಗೆ ಹನ್ನೆರಡು ಬೋರಿನದರ ಹಾಗೆ ನಡುವೆ ಕೇಪು ಇರುವುದಿಲ್ಲ. ಸಿಡಿಯುವ ಮದ್ದು ತಳದ ಅಂಚಿನ ಸುತ್ತ ಇರುತ್ತದೆ, ಮೊಳೆ ಅಂಚಿಗೇ ಬಡಿಯಬೇಕು. ಆ ಮದ್ದು ಒಂದರಲ್ಲಿ ಕೂದಲೆಳೆ ಹೆಚ್ಚು, ಇನ್ನೊಂದರಲ್ಲಿ ಕಡಿಮೆಯಾದರೆ ಗುಂಡಿನ ವೇಗವೂ ಏರುಪೇರು. ಅದಕ್ಕೇ ದೊಡ್ಡ ಶೂಟರುಗಳು ಒಂದೇ ಕಂಪನಿಯ ಬೇರೆ ಬೇರೆ ಲಾಟಿನ ತೋಟೆಗಳನ್ನು ತಮ್ಮ ರೈಫಲ್ಲಿನಲ್ಲೇ ಹೊಡೆದು ನೋಡಿ, ಹೊಂದಿದ ಲಾಟನ್ನು ಒಟ್ಟಿಗೆ ಕೊಳ್ಳುತ್ತಾರೆ. ನಮ್ಮವರು ಸಿಕ್ಕಿದ್ದನ್ನು ತಂದು, ಮೂರು ಮಳೆಗಾಲ ಅಲಮಾರಿನಲ್ಲಿಟ್ಟು, ಗುರಿ ತಪ್ಪಿದರೆ ಕೋವಿಯನ್ನು ಬೈಯುತ್ತಾರೆ. ತುಕ್ಕಿನ ಭಯಕ್ಕೆ ಕಬ್ಬಿಣದ ಕಡ್ಡಿಯನ್ನು ತುದಿಯಿಂದಲೇ ತುರುಕಿ ಉಜ್ಜುವವರೂ ಇದ್ದಾರೆ. ನಳಿಗೆಯ ಬಾಯಿ ಸವೆದರೆ ಗುಂಡು ಹೊರಡುವಾಗಲೇ ಓಲುತ್ತದೆ. ಶುಚಿ ಮಾಡುವುದಿದ್ದರೆ ಹಿಂದಿನಿಂದ, ಮೆತ್ತಗೆ.

ಟ್ರಿಗರ್ ಮಾತಿಗೆ ಬರೋಣ. ಟ್ರಿಗರ್ ಹಗುರಾದರೆ ಕೈ ಅಲುಗುವುದು ಕಮ್ಮಿ, ನಿಜ. ಆದರೆ ಅದು ನೆಲದ ಮೇಲೆ ಚಾಪೆ ಹಾಸಿ ಮಲಗಿ ಹೊಡೆಯುವವನಿಗೆ. ಲೇತ್ ಅಂಗಡಿಯಲ್ಲಿ ಅರದಿಂದ ಉಜ್ಜಿಸಿ ಹಗುರ ಮಾಡಿಸಿದ ಟ್ರಿಗರ್, ಜಾರುವ ತೋಟದ ಇಳಿಜಾರಿನಲ್ಲಿ ಕೋವಿ ಒಮ್ಮೆ ಕಲ್ಲಿಗೆ ತಾಗಿದರೆ ತಾನಾಗಿಯೇ ಢಮಾರ್ ಅನ್ನಬಹುದು. ಮುಂದೆ ನಡೆಯುತ್ತಿದ್ದವನ ಗತಿ? ಗುರಿ ಚೆನ್ನಾಗಬೇಕೆಂದು ಇಂಥ ಕೆಲಸ ಮಾಡಿಸುವವನ ಕೈಯಿಂದ ಕೋವಿಯನ್ನೇ ಕಿತ್ತಿಡಬೇಕು ಅನ್ನುವುದು ನನ್ನ ಅಭಿಪ್ರಾಯ. ಯಾರಿಗಾದರೂ ಸಿಟ್ಟು ಬಂದರೆ ಬರಲಿ.

"ಇದೆಲ್ಲ ಎಸ್ಟೇಟ್ ಧಣಿಗಳ ಶೋಕಿ, ಬಸ್ಸಿಗೆ ಕಾಯುವ ನಮಗೇನು?" ಅಂತ ಕೇಳುವವರಿದ್ದಾರೆ. ಅವರಿಗೇ ಹೇಳಬೇಕಾದ್ದು ಇದು. ಈ ರೈಫಲ್ಲಿನ ಗುಂಡು ತೂಗುವುದು ಸುಮಾರು ಎರಡೂವರೆ ಗ್ರಾಂ. ಸದ್ದೂ ಸಣ್ಣದು, ಹಾಗಾಗಿ ಆಟಿಕೆ ಅನ್ನಿಸುತ್ತದೆ. ಆದರೆ ಗುರಿ ತಪ್ಪಿದ ಗುಂಡು ಒಂದು ಮೈಲಿಗೂ ಆಚೆ ಹೋದೀತು ಅಂತ ಎಷ್ಟೋ ಕಂಪನಿಗಳು ತೋಟೆ ಡಬ್ಬಿಯ ಮೇಲೇ ಎಚ್ಚರಿಕೆ ಅಚ್ಚು ಮಾಡುತ್ತವೆ. ನಮ್ಮಲ್ಲಿ ಗುರಿ ಅಭ್ಯಾಸ ಶುರುವಾಗುವುದು ಮಳೆ ಬಿಟ್ಟ ಮೇಲೆ, ಕಾಫಿ ಕೊಯ್ಲು ನಡೆಯುವ ಅದೇ ತಿಂಗಳುಗಳಲ್ಲಿ. ಸಿಲ್ವರ್ ಮರಕ್ಕೆ ರಟ್ಟು ಕಟ್ಟಿ ಹೊಡೆಯುತ್ತಾರೆ. ರಟ್ಟಿನ ಹಿಂದೆ ಏನಿದೆ? ಕಾಫಿ ಗಿಡ. ಅದರ ಹಿಂದೆ? ಕೊಯ್ಲಿನ ಹೆಂಗಸರು, ಶಾಲೆಯಿಂದ ಕಾಲುದಾರಿಯಲ್ಲಿ ಬರುವ ಮಕ್ಕಳು. ಗುರಿ ಹಲಗೆಯ ಹಿಂದೆ ಮಣ್ಣಿನ ದಿಬ್ಬವಿಲ್ಲದಿದ್ದರೆ, ಎಷ್ಟು ದುಬಾರಿ ನಳಿಗೆ ಹಾಕಿಸಿದರೂ ಅದು ಅಪಾಯವೇ.

ಇನ್ನು ಕೆಲವರ ಗುರಿ ಅಭ್ಯಾಸ ಕತ್ತಲಾದ ಮೇಲೆಯೇ ನಡೆಯುವುದೇಕೆ ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ ನಮ್ಮ ಬೆನ್ನಿಗೇ ಇದೆ. ೧೯೭೨ರ ವನ್ಯಜೀವಿ ಕಾಯ್ದೆಗೆ ಟಾರ್ಗೆಟ್ ರೈಫಲ್, ಕೇಪಿನ ಕೋವಿ ಎಂಬ ಭೇದವಿಲ್ಲ.

ಹುಡುಗರನ್ನು ಬೈದು ಸುಮ್ಮನಾದರೂ ಪ್ರಯೋಜನವಿಲ್ಲ. ಕಳಸದ ಹುಡುಗನಿಗೆ ಗುರಿ ಕಲಿಯುವ ಆಸೆಯಾದರೆ ಅವನು ಮುಖ ಮಾಡುವುದು ಬೆಂಗಳೂರಿನ ಕಡೆ. ಕೊಡಗಿನಲ್ಲಿ ಕೈಲ್‌ಪೋಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಊರೂರಲ್ಲಿ ಬಹಿರಂಗವಾಗಿ, ಹಿರಿಯರ ಕಣ್ಣೆದುರೇ ನಡೆಯುತ್ತದೆ. ಹಾಗೆ ಎಲ್ಲರ ಎದುರು ಹೊಡೆಯುವವನಿಗೆ ಶಿಸ್ತೂ ಬರುತ್ತದೆ.

ಕಳಸದಲ್ಲೋ ಮೂಡಿಗೆರೆಯಲ್ಲೋ ೫೦ ಮೀಟರಿನ ಒಂದು ಗುರಿಮೈದಾನ ಬೇಕು. ಅದಕ್ಕೂ ಮೊದಲು ೧೦ ಮೀಟರಿನ ಏರ್ ರೈಫಲ್ ಅಂಕಣ. ಇದಕ್ಕೆ ಶಾಲೆಯ ಸಭಾಂಗಣ ಸಾಕು. ಪಾಯಿಂಟ್ ೧೭೭ ಬೋರಿನ, ೨೦ ಜೂಲ್ ಮೀರದ ಏರ್ ರೈಫಲ್ಲಿಗೆ ೨೦೧೬ರ ನಿಯಮದಂತೆ ಲೈಸೆನ್ಸ್ ಬೇಕಿಲ್ಲ. ಅಂಗಡಿಯವನ ಮಗಳೂ ಕಲಿಯಬಹುದು, ಕೊಯ್ಲಿನವಳ ಮಗನೂ ಕಲಿಯಬಹುದು. ೨೦೦೮ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ೧೦ ಮೀಟರ್ ಏರ್ ರೈಫಲ್ಲಿನಲ್ಲೇ.

ನಳಿಗೆ, ಟ್ರಿಗರ್ ಅಂತ ತೆಗೆದಿಟ್ಟ ದುಡ್ಡಿನಲ್ಲಿ ಒಂದು ಪಾಲನ್ನು ಬೆಳೆಗಾರರ ಸಂಘಗಳ ಮೂಲಕ ಇದಕ್ಕೆ ತಿರುಗಿಸಲಿ. ಪಂಚಾಯ್ತಿ ಜಾಗ ಗುರುತಿಸಲಿ, ಪೊಲೀಸ್ ಇಲಾಖೆ ಬಂದು ನೋಡಿ ಒಪ್ಪಿಗೆ ಕೊಡಲಿ. ಗುಡ್ಡದ ಊರಿನಲ್ಲಿ ಮಣ್ಣಿಗೇನು ಬರವೇ? ಹಿಂಬದಿಯ ದಿಬ್ಬ ಎಬ್ಬಿಸುವುದು ಜೆಸಿಬಿಗೆ ಎರಡು ದಿನದ ಕೆಲಸ. ಮುಂದಿನ ಕೊಯ್ಲಿಗೆ ಹೆಂಗಸರು ತೋಟಕ್ಕಿಳಿಯುವ ಮುಂಚೆ ಅದು ಆಗಬೇಕು.