ಜಂಪರ್ ಹಾಕುವ ಕೈಗಳಿಗೆ

ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳದ ಕೆಮಿಕಲ್ ಪ್ಲಾಂಟುಗಳಲ್ಲಿ, ಶಹಾಪುರದ ಹತ್ತಿ ಜಿನ್ನುಗಳಲ್ಲಿ, ಸುರಪುರ ಸೀಮೆಯ ಪಂಪ್‌ಹೌಸುಗಳಲ್ಲಿ ಪ್ಯಾನೆಲ್ ಬಾಗಿಲು ತೆರೆದು ನಿಲ್ಲುವ ಅಣ್ಣತಮ್ಮಂದಿರೇ, ನಾನೂ ನಿಮ್ಮ ಕಸುಬಿನವನೇ. ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಸೇಫ್ಟಿ ಇಂಟರ್‌ಲಾಕಿಗೆ ಜಂಪರ್ ಹಾಕಬೇಡಿ. ಮ್ಯಾನೇಜರ್ ಹೇಳಿದರೂ, ಮಾಲೀಕ ಹೇಳಿದರೂ, ನಿಮಗೆ ಕೆಲಸ ಕಲಿಸಿದ ಗುರುವೇ ಹೇಳಿದರೂ ಹಾಕಬೇಡಿ.

ಅದು ಹೇಗೆ ನಡೆಯುತ್ತದೆಂದು ನಮಗೆಲ್ಲ ಗೊತ್ತು. ರಾತ್ರಿ ಪಾಳಿಯಲ್ಲಿ ರಿಯಾಕ್ಟರಿನ ಟೆಂಪರೇಚರ್ ಏರಿದೆ ಎಂದು ತೋರಿಸಿ ಸ್ಟೀಮ್ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಪ್ರೊಡಕ್ಷನ್‌ನವರ ಫೋನ್ ಬರುತ್ತದೆ. “ಸೆನ್ಸರ್ ಕೆಟ್ಟಿರಬೇಕು ನೋಡಪಾ. ಇದೊಂದ್ ಬ್ಯಾಚ್ ಮುಗೀಲಿ, ಆಮ್ಯಾಲ ತಗದ್ರಾತು.” ಗೇಣುದ್ದ ವೈರಿನ ಎರಡು ತುದಿ ಸುಲಿದು ಟರ್ಮಿನಲ್ಲಿನ ಎರಡು ಸ್ಕ್ರೂ ಬಿಗಿದರೆ ಕೆಲಸ ಮುಗಿಯಿತು. ಪಿಎಲ್‌ಸಿ ಆದರೆ ಅಷ್ಟೂ ಬೇಡ, ಲ್ಯಾಪ್‌ಟಾಪಿನಲ್ಲಿ ಒಂದು ಬಿಟ್ ಫೋರ್ಸ್ ಮಾಡಿದರಾಯಿತು. ವಾಲ್ವ್ ತೆರೆಯುತ್ತದೆ, ಬ್ಯಾಚ್ ಮುಗಿಯುತ್ತದೆ, ಪಾಳಿ ಬದಲಾಗುತ್ತದೆ. ವೈರು ಮಾತ್ರ ಅಲ್ಲೇ ಉಳಿಯುತ್ತದೆ. ಅದರ ಮೇಲೆ ಧೂಳು ಕೂರುತ್ತದೆ. ಆರು ತಿಂಗಳ ನಂತರ ಬಂದ ಹೊಸ ಹುಡುಗ ಅದನ್ನು ಮೂಲ ವೈರಿಂಗೇ ಎಂದುಕೊಳ್ಳುತ್ತಾನೆ. ಡ್ರಾಯಿಂಗ್ ನೋಡೋಣವೆಂದರೆ ಡ್ರಾಯಿಂಗ್ ಎಲ್ಲಿದೆಯೋ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಕಸುಬಿನ ಬುನಾದಿಯೇ ಸುಳ್ಳು ಹೇಳಬಾರದೆಂಬುದು. ಟ್ರಾನ್ಸ್‌ಮಿಟರಿನಿಂದ ಬರುವ ಸಿಗ್ನಲ್ 4ರಿಂದ 20 ಮಿಲಿಆಂಪಿಯರ್. ಸೊನ್ನೆಯಿಂದ ಯಾಕೆ ಶುರುವಾಗುವುದಿಲ್ಲ? ಸೊನ್ನೆ ಡಿಗ್ರಿಗೆ ಸೊನ್ನೆ ಕರೆಂಟ್ ಇಟ್ಟಿದ್ದರೆ, ಟೆಂಪರೇಚರ್ ನಿಜವಾಗಿ ಸೊನ್ನೆಯೋ, ಇಲಿ ಕೇಬಲ್ ಕಡಿದಿದೆಯೋ ಕಂಟ್ರೋಲ್ ರೂಮಿಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಅತಿ ಕಡಿಮೆ ಅಳತೆಗೂ 4 ಇಟ್ಟರು. ಕರೆಂಟ್ ಅದಕ್ಕಿಂತ ತೀರಾ ಕೆಳಗಿಳಿದರೆ ಉಪಕರಣ ತಾನು ಕೆಟ್ಟಿದ್ದೇನೆಂದು ತಾನೇ ಒಪ್ಪಿಕೊಳ್ಳುತ್ತದೆ. ಇಷ್ಟು ಪ್ರಾಮಾಣಿಕವಾದ ಉಪಕರಣದ ಜಾಗದಲ್ಲಿ ಕ್ಯಾಲಿಬ್ರೇಟರ್ ಕೂರಿಸಿ 12 ಮಿಲಿಆಂಪಿಯರ್ ಕಳಿಸುವವರು ನಾವು. ಸೊನ್ನೆಯಿಂದ 200 ಡಿಗ್ರಿ ರೇಂಜಿನ ಲೂಪಿನಲ್ಲಿ ಅದು ಸರಿಯಾಗಿ 100 ಡಿಗ್ರಿ ಎಂದು ತೋರಿಸುತ್ತದೆ. ಒಳಗೆ ಎಷ್ಟಿದೆಯೋ ದೇವರೇ ಬಲ್ಲ. ಪರದೆ ನೋಡುತ್ತ ಕೂತ ಆಪರೇಟರ್ ಅದನ್ನು ನಂಬುತ್ತಾನೆ, ನಂಬಿ ತನ್ನ ಜೊತೆಗಾರನನ್ನು ಸ್ಯಾಂಪಲ್ ತೆಗೆಯಲು ರಿಯಾಕ್ಟರಿನ ಹತ್ತಿರ ಕಳಿಸುತ್ತಾನೆ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕಾರ್ಖಾನೆಯಲ್ಲಿ ವಿಷಾನಿಲ ಸೋರುವ ಮುನ್ನ ಟ್ಯಾಂಕಿನ ಒತ್ತಡ ಏರಿದ್ದನ್ನು ಮೀಟರ್ ತೋರಿಸಿತ್ತು. ಅಲ್ಲಿನ ಮೀಟರುಗಳು ಕೆಟ್ಟು ಕೆಟ್ಟು ಜನಕ್ಕೆ ಅವುಗಳ ಮೇಲಿನ ನಂಬಿಕೆಯೇ ಹೋಗಿತ್ತು. ನಿಜ ಹೇಳಿದ ಹೊತ್ತಿನಲ್ಲಿ ಕೇಳುವವರಿರಲಿಲ್ಲ. ಟ್ಯಾಂಕನ್ನು ತಂಪಾಗಿಡಬೇಕಿದ್ದ ರೆಫ್ರಿಜರೇಶನ್ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ವಿಷಾನಿಲ ಸುಡಬೇಕಿದ್ದ ಫ್ಲೇರನ್ನು ರಿಪೇರಿಗೆಂದು ಬಿಚ್ಚಿಟ್ಟಿದ್ದರು. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಟ್ಯಾಂಕ್ ಕಾದು ಅನಿಲ ಊರಿಗೆ ನುಗ್ಗಿದಾಗ, ಟೆಂಪರೇಚರ್ ಅಳೆಯುತ್ತಿದ್ದದ್ದು ಟ್ಯಾಂಕಿನ ತಳದಲ್ಲಿ ಮಾತ್ರ. ಮೇಲ್ಭಾಗ ಕುದಿಯುತ್ತಿದ್ದದ್ದು ಯಾರಿಗೂ ಕಾಣಲಿಲ್ಲ. 2025ರ ಜೂನ್ 30ರಂದು ಹೈದರಾಬಾದಿನ ಪಕ್ಕದ ಪಾಶಮೈಲಾರಂನ ಔಷಧ ಕಾರ್ಖಾನೆಯೊಂದರ ಸ್ಫೋಟದಲ್ಲಿ 40ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಸತ್ತವರಲ್ಲಿ ಬಹಳ ಮಂದಿ ಹೊಟ್ಟೆಪಾಡಿಗೆ ಹೊರ ರಾಜ್ಯಗಳಿಂದ ಬಂದವರು. ನಮ್ಮ ಜಿಲ್ಲೆಯ ಜನ ಗುಳೆ ಹೋಗುವುದೂ ಅದೇ ಹೈದರಾಬಾದಿಗೆ.

ಕಡೇಚೂರು, ಬಾಡಿಯಾಳದ ರೈತರು ಈ ಕೈಗಾರಿಕಾ ಪ್ರದೇಶಕ್ಕೆ ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ ಬಿಟ್ಟುಕೊಟ್ಟರು. ಮಕ್ಕಳಿಗೆ ಊರಲ್ಲೇ ಕೆಲಸ ಸಿಕ್ಕೀತು, ಗುಳೆ ತಪ್ಪೀತು ಎಂಬ ಆಸೆ ಅವರದು. ಇವತ್ತು ಆ ಊರುಗಳವರು, ಸೈದಾಪುರದವರು ರಾತ್ರಿ ಕೆಟ್ಟ ವಾಸನೆಗೆ ಕಿಟಕಿ ಮುಚ್ಚಿ ಮಲಗುತ್ತೇವೆಂದು ದೂರುತ್ತಿದ್ದಾರೆ. ಭೂಮಿ ಕೊಟ್ಟ ಮನೆಯ ಹುಡುಗ ಐಟಿಐ ಮುಗಿಸಿ ಬಂದರೆ ಕಂಟ್ರಾಕ್ಟರ್ ಕೈಕೆಳಗೆ ಹೆಲ್ಪರ್ ಆಗುತ್ತಾನೆ. ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಇಲ್ಲದಿದ್ದರೂ ಅವನ ಕೈಗೆ ಟೆಸ್ಟರ್ ಕೊಟ್ಟು 415 ವೋಲ್ಟಿನ ಪ್ಯಾನೆಲ್ ಮುಂದೆ ನಿಲ್ಲಿಸುತ್ತಾರೆ. ಅವನು ನೋಡಿ ಕಲಿಯುವುದು ನಮ್ಮನ್ನು. ಸೀನಿಯರ್ ಜಂಪರ್ ಹಾಕಿದರೆ, ಅದೇ ಜಾಣತನ ಎಂದು ಅವನು ಕಲಿಯುತ್ತಾನೆ.

ಕೆಮಿಕಲ್ ಇಲ್ಲದ ಕಡೆ ಸುಳ್ಳು ಸಿಗ್ನಲ್ಲಿನಿಂದ ಯಾರಿಗೇನು ತೊಂದರೆ ಎನ್ನುವವರಿಗೆ ನಮ್ಮ ಕಾಲುವೆ ತೋರಿಸುತ್ತೇನೆ. ನಾರಾಯಣಪುರ ಎಡದಂಡೆ ಕಾಲುವೆಯನ್ನು ಸುಮಾರು 4,700 ಕೋಟಿ ರೂಪಾಯಿ ಖರ್ಚಿನಲ್ಲಿ ನವೀಕರಿಸಿ, ಸ್ಕಾಡಾ ಅಳವಡಿಸಿ, 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿ ಪ್ರಧಾನಿಯವರಿಂದ ಉದ್ಘಾಟನೆ ಮಾಡಿಸಿದರು. 10,000 ಕ್ಯೂಸೆಕ್ ಹರಿಯುವ ಕಾಲುವೆ, ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಗೇಟು ಎಷ್ಟು ಎತ್ತಬೇಕೆಂಬುದು ಈಗ ಲೆವೆಲ್ ಸೆನ್ಸರಿನ ಮಾತಿನ ಮೇಲೆ ನಿಂತಿದೆ. ಆ ಸೆನ್ಸರ್ ಒಂದು ಗೇಣು ಹೆಚ್ಚು ತೋರಿಸಿದರೆ, ಅಥವಾ ಕೆಟ್ಟ ಮೇಲೂ ನಿನ್ನೆಯ ಅಂಕಿಯನ್ನೇ ಯಾರಾದರೂ ಫೋರ್ಸ್ ಮಾಡಿ ಕೂರಿಸಿದರೆ, ಶಹಾಪುರ ಶಾಖಾ ಕಾಲುವೆಯ ಕೊನೆಯ ರೈತನ ಭತ್ತದ ಗದ್ದೆ ಬಿರುಕು ಬಿಡುತ್ತದೆ. ಪರದೆಯ ಮೇಲೆ ಮಾತ್ರ ಅವನ ಪಾಲಿನ ನೀರು ಹರಿಯುತ್ತಲೇ ಇರುತ್ತದೆ.

ಹೇಳುವುದು ಸುಲಭ, ಕೆಲಸ ಹೋದರೆ ಯಾರು ಕೊಡುತ್ತಾರೆ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಜಂಪರ್ ಹಾಕಲ್ಲ ಎಂದಿದ್ದಕ್ಕೆ ಮರುವಾರದಿಂದ ಬರೀ ರಾತ್ರಿ ಪಾಳಿಗೆ ಹಾಕಿಸಿಕೊಂಡ ಗೆಳೆಯರನ್ನು ಕಂಡಿದ್ದೇನೆ. ಆದರೆ ಭೋಪಾಲದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ 41-ಎಚ್ ಎಂಬ ಕಲಮು ಸೇರಿಸಿದರು. ಅಪಾಯಕಾರಿ ಪ್ರಕ್ರಿಯೆ ನಡೆಯುವ ಕಡೆ ಜೀವಕ್ಕೆ ಕುತ್ತು ಕಂಡರೆ ಮ್ಯಾನೇಜರ್‌ಗೆ ತಿಳಿಸುವ, ಅದೇ ಹೊತ್ತಿಗೆ ಇನ್‌ಸ್ಪೆಕ್ಟರ್‌ಗೂ ತಿಳಿಸುವ ಹಕ್ಕು ಕಾರ್ಮಿಕನಿಗಿದೆ. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಆ ಹಕ್ಕು ಉಳಿದಿದೆ. ಒಬ್ಬನೇ ಬರೆದರೆ ಒಬ್ಬನನ್ನು ಮೂಲೆಗೆ ತಳ್ಳುತ್ತಾರೆ. ಮೂರು ಪಾಳಿಯ ಟೆಕ್ನಿಷಿಯನ್‌ಗಳೂ ಸಹಿ ಹಾಕಿದರೆ ಪ್ಲಾಂಟ್ ನಡೆಸುವವರು ಯಾರು?

ಮ್ಯಾನೇಜರ್ ಸಾಹೇಬರೇ, ಕ್ಯಾಲಿಬ್ರೇಶನ್‌ಗೆ, ಟೆಸ್ಟಿಂಗ್‌ಗೆ ಬೈಪಾಸ್ ಬೇಕಾಗುತ್ತದೆ, ಬಲ್ಲೆ. ಹಾಗಿದ್ದರೆ ಕಾಗದದ ಮೇಲೆ ಬರೆದು ಕೊಡಿ: ಯಾವ ಟ್ಯಾಗ್, ಯಾಕೆ, ಎಷ್ಟು ಗಂಟೆಯವರೆಗೆ, ಅಲ್ಲಿಯವರೆಗೆ ಕಾವಲು ಯಾರು, ಕೊನೆಗೆ ನಿಮ್ಮ ಸಹಿ. ಸಹಿ ಹಾಕಲು ನಿಮ್ಮ ಕೈ ನಡುಗಿದರೆ, ಅದೇ ಕೆಲಸವನ್ನು ಫೋನಿನಲ್ಲಿ ನಮ್ಮಿಂದ ಮಾಡಿಸಬೇಡಿ. ಕಾರ್ಖಾನೆ, ಬಾಯ್ಲರ್ ಇಲಾಖೆಯ ಅಧಿಕಾರಿಗಳೇ, ತಪಾಸಣೆಗೆ ಬಂದಾಗ ಆಫೀಸಿನ ಫೈಲು ನೋಡಿ ಹೋಗಬೇಡಿ. ಪ್ಯಾನೆಲ್ ತೆರೆಸಿ. ಆ ಹೆಲ್ಪರ್ ಹುಡುಗನನ್ನು ಪಕ್ಕಕ್ಕೆ ಕರೆದು ಮಾತಾಡಿಸಿ.

ಅಣ್ಣತಮ್ಮಂದಿರೇ, ಇವತ್ತಿನ ಪಾಳಿಯಲ್ಲೇ ಶುರು ಮಾಡೋಣ. ಟಾರ್ಚ್ ಹಿಡಿದು ಒಂದೊಂದೇ ಪ್ಯಾನೆಲ್ ತೆರೆಯಿರಿ. ಡ್ರಾಯಿಂಗಿನಲ್ಲಿ ಇಲ್ಲದ ವೈರು, ಪಿಎಲ್‌ಸಿಯಲ್ಲಿ ಉಳಿದ ಫೋರ್ಸ್ ಹುಡುಕಿ. ನಡೆಯುತ್ತಿರುವ ಪ್ಲಾಂಟಿನಲ್ಲಿ ದಿಢೀರನೆ ಕೀಳಬೇಡಿ, ಅದೂ ಅಪಾಯ. ಟರ್ಮಿನಲ್ ನಂಬರ್ ಸಮೇತ ಲಾಗ್‌ಬುಕ್ಕಿನಲ್ಲಿ ಬರೆಯಿರಿ, ತಾರೀಖು ಹಾಕಿ, ಸಹಿ ಮಾಡಿ, ಮುಂದಿನ ಪಾಳಿಯವನಿಗೆ ಓದಿ ಹೇಳಿ ಅವನ ಸಹಿಯನ್ನೂ ತೆಗೆದುಕೊಳ್ಳಿ.